ಓಣಿ ದಾಟದ ಮೇಜು

ಬೆಳಗ್ಗೆ ಆರೂವರೆಗೆ ಅಕ್ಕ ವರ್ಕ್‌ಶಾಪಿನ ಪಕ್ಕದ ಬಾಗಿಲು ತೆಗೆದು, ದೀಪ ಹಾಕಿ, ಹೊಸ್ತಿಲಲ್ಲೇ ನಿಂತುಬಿಟ್ಟಳು. ಹಿಂದಿದ್ದ ನಾನು ಅವಳ ಭುಜದ ಮೇಲಿಂದ ಇಣುಕಿದೆ. ಕೋಣೆಯ ನಡುವೆ ಬರೀ ನೆಲ. ಮೇಜಿನ ಕಾಲುಗಳು ಊರಿದ್ದ ಕಡೆ ನಾಲ್ಕು ಚೌಕದ ಗುರುತು, ಅಷ್ಟೇ.

ಹನ್ನೆರಡಡಿ ಉದ್ದ, ನಾಲ್ಕಡಿ ಅಗಲದ ಮೇಜು. ಎಂಟು ತಿಂಗಳ ಕೆಲಸ. ಹಳೇ ನಾಟಕಶಾಲೆ ಕೆಡವಿದಾಗ ಅದರ ರಂಗದ ಹಲಗೆಗಳನ್ನು ಅಕ್ಕ ಗುಜರಿ ಪಾಲಾಗದಂತೆ ಉಳಿಸಿಕೊಂಡಿದ್ದಳು. ಅದೇ ಜಾಗದಲ್ಲಿ ಎದ್ದ ಹೊಸ ಗ್ರಂಥಾಲಯಕ್ಕೆ ಅದೇ ಹಲಗೆಯ ಮೇಜು. ಮಧ್ಯಾಹ್ನ ಹನ್ನೆರಡಕ್ಕೆ ಉದ್ಘಾಟನೆ. ಅಷ್ಟರೊಳಗೆ ಮೇಜು ಮುಟ್ಟದಿದ್ದರೆ ಗ್ರಂಥಾಲಯ ಕಟ್ಟಿದ ಕಂಟ್ರಾಕ್ಟರನ ಕಾರ್ಖಾನೆ ಮೇಜುಗಳು ಒಳಗೆ ಹೋಗುತ್ತವೆ. ಉಳಿದ ಆರು ಕೋಣೆಗಳ ಕೆಲಸವೂ ಅವನಿಗೇ. ಹಾಗಂತ ಮೊದಲೇ ಮಾತಾಗಿತ್ತು.

ಅಕ್ಕ ಅಳಲಿಲ್ಲ. "ಹೋಗು, ದೊಡ್ಡಮ್ಮನ್ನ ಕರ್ಕೊಂಡು ಬಾ" ಅಂದಳು.

ದೊಡ್ಡಮ್ಮ ನಮ್ಮ ಅಮ್ಮನ ಅಕ್ಕ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವಳು. ಅವಳು ಅಂಗಡಿಗೆ ಕಾಲಿಟ್ಟರೆ ತಕ್ಕಡಿಗಳೇ ಬೆವರುತ್ತಿದ್ದವಂತೆ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಅಳತೆ ಟೇಪು ಅವಳ ಚೀಲ ಬಿಟ್ಟಿಲ್ಲ.

ಬಂದವಳು ಕುರ್ಚಿ ಎಳೆದುಕೊಂಡು ಕೂತಳು.

"ಬೀಗ ಒಡೆದಿದ್ಯಾ?"

"ಇಲ್ಲ" ಅಂದಳು ಅಕ್ಕ.

"ಕೀಲಿಕೈ ಯಾರ್‍ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ಮಾವನ ಹತ್ರ ಒಂದು. ಮರ ತಂದು ಇಳಿಸೋಕೆ ಅಂತ ಗುಜರಿಯಣ್ಣನಿಗೆ ಒಂದು."

"ಮುಂದಿನ ಶಟರ್?"

ನಾನು ಹೇಳಿದೆ— "ನಿನ್ನೆ ಸಂಜೆ ಐದಕ್ಕೇ ನನ್ನ ಟೆಂಪೋನ ಶಟರ್‌ಗೆ ತಾಗಿಸಿ ನಿಲ್ಲಿಸಿದ್ದೆ, ಬೆಳಗ್ಗೆ ಮೇಜು ಹೇರೋಕೆ. ಕದಲಿಲ್ಲ. ಅಲ್ಲಿಂದ ಒಂದು ಸ್ಟೂಲೂ ಹೊರಗೆ ಹೋಗಲ್ಲ. ಆಮೇಲೆ ಅಕ್ಕನೂ ನಾನೂ ಗ್ರಂಥಾಲಯಕ್ಕೆ ಹೋದ್ವಿ, ಮೇಜು ಇಡೋ ಜಾಗ ನೋಡೋಕೆ."

"ಆಗ ಇಲ್ಲಿ ಯಾರಿದ್ರು?"

"ನಾನಿದ್ದೆ" ಅಂತ ಬಾಗಿಲಿಂದ ಧ್ವನಿ ಬಂತು.

ಸೋದರಮಾವ. ದೊಡ್ಡಮ್ಮನ ಸ್ವಂತ ತಮ್ಮ. ಅಕ್ಕನಿಗೆ ಉಳಿ ಹಿಡಿಯೋದು ಕಲಿಸಿದ್ದೇ ಅವನು. ಈಗ ಅವಳ ವರ್ಕ್‌ಶಾಪಿನಲ್ಲೇ ಪಾಲಿಶ್ ಕೆಲಸ. ಅವನ ಮುಖ ಬಿಳುಚಿಕೊಂಡಿತ್ತು.

"ಕೊನೇ ಸಲ ಉಜ್ಜಿ, ಆರಕ್ಕೆ ಬೀಗ ಹಾಕಿ ಹೋದೆ ಅಕ್ಕ" ಅಂದ ದೊಡ್ಡಮ್ಮನಿಗೆ. "ಬೆಳಗ್ಗೆ ಐದೂವರೆಗೆ ವಾಕಿಂಗ್ ಬಂದಾಗ ಈ ಓಣಿ ತುದೀಲಿ ಲಾರಿ ನಿಂತಿತ್ತು. ನಾಲ್ಕು ಜನ ಮೇಜು ಹೊತ್ಕೊಂಡು ಬರ್ತಿದ್ರು. ನಮ್ಮೋರೇ ಸಾಗಿಸ್ತಿದಾರೆ ಅಂದ್ಕೊಂಡು ಸುಮ್ಮನಾದೆ."

"ಲಾರಿ ಯಾರದ್ದು?"

"ಕಂಟ್ರಾಕ್ಟರದ್ದೇ ಥರ ಕಾಣ್ತಪ್ಪ. ಕತ್ತಲಿತ್ತು."

"ಮೇಜನ್ನ ಸರಿಯಾಗಿ ನೋಡಿದ್ಯಾ?"

"ನಾನೇ ಉಜ್ಜಿದ ಮೇಜು ನಂಗೆ ಗೊತ್ತಾಗಲ್ವಾ?"

ದೊಡ್ಡಮ್ಮ ತಲೆಯಾಡಿಸಿದಳು. ನಾನು ಎದ್ದು ಬಾಗಿಲ ಕಡೆ ಹೊರಟೆ. ಹೋಗಿ ಕಂಟ್ರಾಕ್ಟರನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. "ಕೂತ್ಕೋ. ಟೆಂಪೋ ಓಡಿಸೋನು ಬ್ರೇಕ್ ಹಾಕೋದೂ ಕಲೀಬೇಕು" ಅಂದಳು ದೊಡ್ಡಮ್ಮ.

ಎಂಟು ಗಂಟೆಗೆ ಗುಜರಿಯಣ್ಣ ಬಂದ. ಕೈಗಾಡಿ ತುಂಬ ತುಕ್ಕು ಹಿಡಿದ ಕಿಟಕಿ ಸರಳು.

"ನಿನ್ನ ಕೀಲಿಕೈ ಎಲ್ಲಿ?" ದೊಡ್ಡಮ್ಮ ಕೇಳಿದಳು.

ಅವನು ಸೊಂಟದಿಂದ ಗೊಂಚಲು ತೆಗೆದು ತೋರಿಸಿದ. "ನಾಲ್ಕು ದಿನದಿಂದ ಈ ಕಡೆ ತಲೆ ಹಾಕಿಲ್ಲ ಅಮ್ಮ. ಉಳಿದ ನಾಟಕಶಾಲೆ ಹಲಗೆ ಅವತ್ತೇ ಹಿಂದುಗಡೆ ತಂದು ಸುರಿದು ಹೋಗಿದ್ದೆ."

"ಸುರಿದೆ ಅಂದ್ರೆ? ಜೋಡಿಸಿಡ್ಲಿಲ್ವಾ?"

"ಗುಜರಿ ಅಮ್ಮ. ಅದನ್ನೇನು ತೊಟ್ಟಿಲಲ್ಲಿ ಮಲಗಿಸ್ಲಾ?"

ಹಿಂದೆಯೇ ಕಂಟ್ರಾಕ್ಟರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ಮರುಕ. "ಸುದ್ದಿ ಕೇಳ್ದೆ ಮೇಡಂ. ನನ್ನ ಮೇಜುಗಳು ರೆಡಿ ಇವೆ. ಗ್ರಂಥಾಲಯಕ್ಕೆ ತೊಂದರೆ ಆಗಬಾರದು, ಅಷ್ಟೇ."

"ಸುದ್ದಿ ಯಾರು ಹೇಳಿದ್ರು?"

ಅವನು ತಡವರಿಸಿದ. "ಊರೆಲ್ಲ ಮಾತಾಡ್ತಿದೆ."

ಊರಿಗೆ ನಾವಿನ್ನೂ ಹೇಳಿರಲೇ ಇಲ್ಲ. ದೊಡ್ಡಮ್ಮ ಅದನ್ನು ಎತ್ತಿ ಆಡಲಿಲ್ಲ. ಟೇಪು ತೆಗೆದು ಎದ್ದಳು. ಪಕ್ಕದ ಬಾಗಿಲು ಅಳೆದಳು. ಹೊರಗೆ ಹೋಗಿ ಓಣಿ ಅಳೆದಳು. ಮತ್ತೊಮ್ಮೆ ಅಳೆದಳು. ಒಳಗೆ ಬಂದು ಅಕ್ಕನನ್ನು ಕೇಳಿದಳು—

"ಮೇಜಿಗೆ ಎಷ್ಟು ಮೊಳೆ ಹೊಡೆದಿದ್ದೆ?"

"ಒಂದೂ ಇಲ್ಲ. ಅಂಟೂ ಇಲ್ಲ. ಬರೀ ಬೆಣೆ."

"ಬಿಚ್ಚೋಕಾಗುತ್ತಾ?"

ಅಕ್ಕನ ಕಣ್ಣು ಅರಳಿತು. "ಆಗುತ್ತೆ. ಆದ್ರೆ ಮೊದಲು ಯಾವ ಬೆಣೆ ಹೊಡೀಬೇಕು ಅಂತ ಗೊತ್ತಿರ್ಬೇಕು."

ದೊಡ್ಡಮ್ಮ ಸೀದಾ ವರ್ಕ್‌ಶಾಪಿನ ಹಿಂಭಾಗದ ಹಲಗೆ ರಾಶಿಯ ಹತ್ತಿರ ಹೋದಳು. ನಲವತ್ತೋ ಐವತ್ತೋ ಹಲಗೆ, ಎಲ್ಲ ಒಂದೇ ಥರ: ಕಪ್ಪು, ಒರಟು, ಧೂಳು. ಬೆಳಗ್ಗೆಯಿಂದ ನಾನು ಹತ್ತು ಸಲ ಅದನ್ನು ದಾಟಿ ಓಡಾಡಿದ್ದೆ. ಅವಳು ಬಗ್ಗಿ ಒಂದೊಂದು ಹಲಗೆಯ ಮೇಲೂ ಬೆರಳಾಡಿಸಿದಳು. ಮೊಳೆ. ಮೊಳೆ. ಮುರಿದ ಮೊಳೆ. ಆಮೇಲೆ ಬೆರಳು ನಿಂತಿತು.

"ಇದರಲ್ಲಿ ಬರೀ ತೂತು. ಮೊಳೆ ಇಲ್ಲ. ಎತ್ತು ಇದನ್ನ."

ನಾನು ಎತ್ತಿ ಮಗುಚಿದೆ. ಕೆಳಮುಖ ಜೇನಿನ ಹಾಗೆ ಹೊಳೆಯಿತು.

ಅಕ್ಕ ಓಡಿ ಬಂದು ಮಂಡಿಯೂರಿ ಕೂತಳು. ಒಂದರ ಕೆಳಗೊಂದು ಮೇಜಿನ ಏಳೂ ಹಲಗೆ ಸಿಕ್ಕವು. ಅವುಗಳಡಿ ನಾಲ್ಕು ಕಾಲು, ಎರಡು ಅಡ್ಡಪಟ್ಟಿ, ಒಂದು ಡಬ್ಬಿಯಲ್ಲಿ ಬೆಣೆಗಳು.

"ಮೇಜಿನ ಅಡಿಭಾಗ ನೀನು ಹಳೇದು ಹಳೇ ಥರಾನೇ ಇರ್ಲಿ ಅಂತ ಬಿಟ್ಟಿದ್ದೆ" ಅಂದಳು ದೊಡ್ಡಮ್ಮ. "ಮಗುಚಿ ಹಾಕಿದ್ರೆ ಗುಜರಿ. ನಾವೆಲ್ಲ ಹುಡುಕಿದ್ದು ಇಡೀ ಮೇಜು. ಈ ಬಾಗಿಲು ದಾಟಿದ್ರೆ ಎದುರಿಗೇ ಗೋಡೆ. ಓಣಿಯ ಅಗಲ ಮೂರಡಿ ಒಂದಿಂಚು. ಹನ್ನೆರಡಡಿ ಮೇಜು ಅಲ್ಲಿ ತಿರುಗೋದು ಹೇಗೆ? ನಾಲ್ಕಲ್ಲ, ನಲವತ್ತು ಜನ ಬಂದ್ರೂ ಆಗಲ್ಲ. ಹಾಗಾದ್ರೆ ಐದೂವರೆಗೆ ಓಣಿಯಲ್ಲಿ ಮೇಜು ಹೊತ್ಕೊಂಡು ಹೋಗೋದನ್ನ ಕಂಡೋನು ಏನು ಕಂಡ?"

ಅವಳು ಹಲಗೆಗಳ ಮಧ್ಯದಿಂದ ಒಂದು ತುಂಡು ಬಟ್ಟೆ ಎಳೆದಳು. ಒಗೆದ, ಮೆತ್ತನೆ ಹತ್ತಿ. ಪ್ರತಿ ಹಲಗೆಯ ನಡುವೆಯೂ ಅಂಥದ್ದೇ ಬಟ್ಟೆ ಹಾಸಿತ್ತು.

"ನೀವೆಲ್ಲ ಹಲಗೆ ನೋಡಿ ಖುಷಿಪಟ್ರಿ. ಇದನ್ನ ನೋಡ್ಲಿಲ್ಲ. ಗುಜರಿಯಣ್ಣ ಮುಚ್ಚಿಟ್ಟಿದ್ರೆ ಹಾಗೇ ಸುರೀತಿದ್ದ. ಕಂಟ್ರಾಕ್ಟರಿಗೆ ಇದು ಸೌದೆ. ಕದಿಯೋ ಹೊತ್ತಲ್ಲೂ ಹೊಳಪಿಗೆ ಗೀರು ಬೀಳಬಾರದು ಅಂತ ಒಂದೊಂದು ಹಲಗೆಗೂ ಹಾಸಿಗೆ ಹಾಸೋನು ಈ ಮನೇಲಿ ಒಬ್ಬನೇ." ಅವಳು ಆ ಬಟ್ಟೆಯನ್ನು ನೀಟಾಗಿ ಮಡಚಿದಳು. "ಅವನು ನನ್ನ ತಮ್ಮ."

ಮಾವ ನೆಲ ನೋಡುತ್ತಿದ್ದ. "ನಾಳೆ ನಾನೇ ಹುಡುಕಿ ಕೊಡ್ತಿದ್ದೆ" ಅಂದ ಕೊನೆಗೆ. "ಇವತ್ತು ಮೇಜು ಮುಟ್ಟೋದು ತಪ್ಪಿದ್ರೆ ತನ್ನ ಕಾರ್ಖಾನೆಯಲ್ಲಿ ಮೇಸ್ತ್ರಿ ಕೆಲಸ ಕೊಡ್ತೀನಿ ಅಂದಿದ್ದ ಇವನು. ನಲವತ್ತು ವರ್ಷ ಬೇರೆಯವರ ಸಾಮಾನು ಉಜ್ಜಿದೆ. ಒಂದ್ಸಲ ನಾಲ್ಕು ಜನರ ಮೇಲೆ ನಿಲ್ಲೋಣ ಅನ್ನಿಸ್ತು."

ಎಲ್ಲರೂ ಕಂಟ್ರಾಕ್ಟರನ ಕಡೆ ತಿರುಗಿದೆವು. ಅವನು ಅಲ್ಲಿರಲಿಲ್ಲ; ಶಟರಿನ ಆಚೆ ಅವನ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು.

ಅಕ್ಕ ಎದ್ದು ಕೈ ಚಾಚಿದಳು. "ಕೀಲಿಕೈ ಕೊಡು ಮಾವ."

ಕೊಟ್ಟ.

"ಕೇಳೋದು ಬೇಕಾದಷ್ಟಿದೆ. ನಾಳೆ ಕೇಳ್ತೀನಿ. ಈಗ ಒಂಬತ್ತೂವರೆ. ಹಲಗೆ ಹೊರು."

ಇಡೀ ಮೇಜು ಹೊರಲು ಗೊತ್ತುಮಾಡಿದ್ದ ನಾಲ್ಕು ಆಳುಗಳಿಗೆ ಕಾಯಲಿಲ್ಲ. ಟೆಂಪೋ ಹಿಂದಕ್ಕೆ ತೆಗೆದು ಶಟರ್ ಎತ್ತಿಸಿ, ಮಾವ, ಗುಜರಿಯಣ್ಣ, ನಾನು ಸೇರಿ ತುಂಬಿದೆವು. ದೊಡ್ಡಮ್ಮ ಬೆಣೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು.

ಗ್ರಂಥಾಲಯದ ಹೊರಗೆ ಕಾರ್ಖಾನೆ ಮೇಜುಗಳ ಲಾರಿ ನಿಂತಿತ್ತು. ಒಳಗೆ ಜನ ಸೇರುತ್ತಿದ್ದರು. ಗ್ರಂಥಪಾಲಕಿ ಗಡಿಯಾರ ನೋಡುತ್ತ ಓಡಿ ಬಂದರು.

"ಮೇಜು ಎಲ್ಲಮ್ಮ? ಇವು ಬರೀ ಹಲಗೆ."

"ಮುಕ್ಕಾಲು ಗಂಟೆ ಕೊಡಿ" ಅಂದಳು ಅಕ್ಕ.

ಕೊಡಲಿಕ್ಕೇನು, ಇದ್ದದ್ದೇ ಅಷ್ಟು. ಅಕ್ಕ ಅಂಗಿಯ ತೋಳು ಮಡಚಿದಳು. ಕಾಲು ನಿಂತವು. ಅಡ್ಡಪಟ್ಟಿ ಕೂತವು. ಒಂದೊಂದೇ ಹಲಗೆ ಜಾರಿ ತನ್ನ ಕಚ್ಚಿನೊಳಗೆ ಸೇರಿಕೊಂಡಿತು. ಮಾತಾಡುತ್ತಿದ್ದ ಜನ ಸುಮ್ಮನಾಗಿ ಸುತ್ತ ನೆರೆದರು. ಮೊಳೆ ಎಲ್ಲಿ ಅಂತ ಯಾರೋ ಕೇಳಿದರು; ಇಲ್ಲ ಅಂದಾಗ ಇನ್ನೂ ಹತ್ತಿರ ಬಂದರು. ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಅಕ್ಕ ಕೊನೆಯ ಬೆಣೆಗೆ ಕೊಡತಿಯಿಂದ ಎರಡೇಟು ಹಾಕಿ, ಯಾರೂ ನಿರೀಕ್ಷಿಸದ ಹಾಗೆ ಮೇಜಿನ ಮೇಲೆ ಹತ್ತಿ ನಿಂತಳು. ಅದು ಕಿರ್ ಅನ್ನಲಿಲ್ಲ. ಹಿಂದೆ ಆ ಹಲಗೆಗಳ ಮೇಲೆ ನಿಂತವರಿಗೆ ಬೀಳುತ್ತಿದ್ದಂಥ ಚಪ್ಪಾಳೆ ಅವಳಿಗೆ ಬಿತ್ತು. ಬಾಗಿಲ ಬಳಿ ನಿಂತಿದ್ದ ಮಾವ ಕೂಡ, ತಡೆದು ತಡೆದು, ಕೈ ಸೇರಿಸಿದ.

ಹೊರಗೆ ಲಾರಿ ಇಳಿಸದ ಮೇಜುಗಳನ್ನು ಹೊತ್ತು ವಾಪಸ್ಸು ತಿರುಗಿತು.

ಗ್ರಂಥಪಾಲಕಿ ಅಕ್ಕನ ಕೈ ಹಿಡಿದು ಇಳಿಸಿಕೊಂಡರು. "ಉಳಿದ ಆರು ಕೋಣೆಗೂ ನೀವೇ ಮಾಡಬೇಕು. ಆಗುತ್ತಾ?"

ಅಕ್ಕ ಬೆವರು ಒರೆಸಿಕೊಂಡು ಗುಜರಿಯಣ್ಣನ ಕಡೆ ತಿರುಗಿದಳು.

"ಅಣ್ಣ, ಊರಲ್ಲಿ ಈಗ ಏನೇನು ಕೆಡವ್ತಿದಾರೆ?"

ಗುಜರಿಯಣ್ಣ ಎದೆಯುಬ್ಬಿಸಿ, ಬೆರಳು ಮಡಚಿ ಲೆಕ್ಕ ಹಾಕಲು ಶುರುಮಾಡಿದ.