ಹತ್ತಕ್ಕೆ ಹೊರಟು ಒಂದಕ್ಕೆ ಇಳಿದವನು

ಮಂಗಳವಾರ ಮಧ್ಯಾಹ್ನ ಎರಡು ಹತ್ತಕ್ಕೆ ಟೈಲರಮ್ಮ ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟರು. ಹನ್ನೆರಡೂವರೆಗೆ ಅಂಗಡಿ ಮುಚ್ಚಿ ಊಟಕ್ಕೆ ಹೋದವರು ಒಂದೂವರೆಗೆ ಬಂದು ನೋಡಿದರೆ, ತೀರಿಹೋದ ತಾಯಿಯ ಕೈ ಹೊಲಿಗೆ ಯಂತ್ರ ಮಾಯ.

ಎಫ್‌ಐಆರ್ ದಾಖಲಾಯಿತು. ಬೀಗ ಒಡೆದಿಲ್ಲವೆಂದು ಪಂಚನಾಮೆಯಲ್ಲಿ ಬರೆಯಲಾಯಿತು. ಇದ್ದದ್ದು ಎರಡೇ ಕೀಲಿಕೈ. ಒಂದು ಟೈಲರಮ್ಮನದು. ಇನ್ನೊಂದು ಅವರ ತಮ್ಮನದು; ದೂರದೇಶದ ಕೆಲಸಕ್ಕೆಂದು ಬೆಳಿಗ್ಗೆ ಹೊರಟ ಅವನು ಅದನ್ನು ಗುಂಡಿ ಹೊಲಿಯುವ ಹೆಂಗಸಿನ ಕೈಗೆ ಕೊಟ್ಟು ಹೋಗಿದ್ದ.

“ಎಲ್ಲಿಟ್ಟಿದ್ದೀಯಮ್ಮ?” ಇನ್ಸ್‌ಪೆಕ್ಟರ್ ಆಕೆಯನ್ನು ಕೇಳಿದರು.

“ಮುಟ್ಟಿಲ್ಲ ಸಾರ್. ಮನೇಲಿ ಊಟ ಮಾಡ್ತಿದ್ದೆ.”

“ನೋಡಿದವರು?”

“ಯಾರೂ ಇಲ್ಲ. ಹನ್ನೊಂದು ವರ್ಷ ದುಡಿದೀನಿ ಸಾರ್. ಕಳ್ಳಿ ಅನ್ನಿಸ್ಕೊಂಡ್ರೆ ಇನ್ಯಾವ ಅಂಗಡೀಲೂ ನಂಗೆ ಸೂಜಿ ಕೊಡಲ್ಲ.”

ಇನ್ಸ್‌ಪೆಕ್ಟರಿಗೆ ಪಾಪ ಅನ್ನಿಸಿತು. ಆದರೆ ಕೀಲಿಕೈ ಇದ್ದದ್ದು ಆಕೆಯ ಬಳಿ. ತಮ್ಮನ ಸಂಗತಿ ಕೇಳಿದರೆ ಟೈಲರಮ್ಮ ಮೊಬೈಲನ್ನೇ ಮುಂದೆ ಹಿಡಿದರು. ಟಿಕೆಟ್ಟಿನಲ್ಲಿ ಹೊರಡುವುದು ಹತ್ತಕ್ಕೆ, ಇಳಿಯುವುದು ಒಂದಕ್ಕೆ. ಒಂದೂ ಕಾಲಿಗೆ ಅವನ ಮೆಸೇಜೂ ಬಂದಿತ್ತು: ‘ಇಳಿದೆ ಅಕ್ಕ, ಆರಾಮಾಗಿದೀನಿ.’

ದಫೇದಾರರು ವಿಮಾನ ನಿಲ್ದಾಣಕ್ಕೆ ಫೋನು ಮಾಡಿ ವಿಚಾರಿಸಿದರು. ದೂರ ಆರು ಸಾವಿರದ ಮುನ್ನೂರು ಕಿಲೋಮೀಟರು, ಹಾರಾಟ ಏಳೂವರೆ ಗಂಟೆ.

“ಏಳೂವರೆ ಗಂಟೆ ದಾರೀನ ಮೂರು ಗಂಟೇಲಿ ಹೋದ್ನಾ? ವಿಮಾನದಲ್ಲಿ ಕೂರಿಸಿದ್ರೋ, ಫಿರಂಗೀಲಿ ಹಾರಿಸಿದ್ರೋ?”

“ಹತ್ತು ನಮ್ಮ ಗಡಿಯಾರದ್ದು ಸಾರ್, ಒಂದು ಅಲ್ಲಿನ ಗಡಿಯಾರದ್ದು. ಅಲ್ಲಿ ನಾಲ್ಕೂವರೆ ಗಂಟೆ ಹಿಂದೆ.”

ಇನ್ಸ್‌ಪೆಕ್ಟರಿಗೂ ಲೆಕ್ಕಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೆ. ನಾಲ್ಕೂವರೆಯನ್ನು ಕೂಡಿದರು, ಕಳೆದರು, ಕಾಟು ಹಾಕಿದರು. ಒಮ್ಮೆ ಅವನು ಹೊರಡುವ ಮೊದಲೇ ತಲುಪಿಬಿಟ್ಟ. ತಲೆ ಕೆಟ್ಟು ಗೊಬ್ಬರವಾಯಿತು.

“ನಮ್ಮ ಗಡಿಯಾರದಲ್ಲಿ ಇಳಿಯೋದು ಎಷ್ಟಕ್ಕೆ? ಅದೊಂದು ಹೇಳ್ರೀ.”

“ಸಂಜೆ ಐದೂವರೆಗೆ ಸಾರ್.”

ಗೋಡೆಯ ಮೇಲೆ ನಾಲ್ಕೂ ಇಪ್ಪತ್ತಾಗಿತ್ತು.

“ಹಾಗಾದ್ರೆ ಅವನಿನ್ನೂ ಆಕಾಶದಲ್ಲೇ ಇರಬೇಕು,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. “ಮಧ್ಯಾಹ್ನವೇ ಎಲ್ಲಿ ಇಳಿದ?”

ಮತ್ತೆ ಫೋನು. ಆ ಸೀಟು ಖಾಲಿಯೇ ಹೋಗಿತ್ತು.

ಸಂಜೆ ಏಳೂ ಇಪ್ಪತ್ತಕ್ಕೆ ವಿಮಾನ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ಅವನನ್ನು ಬಂಧಿಸಲಾಯಿತು. ಯಂತ್ರ ಹಾಸಿಗೆಯ ಮೇಲಿತ್ತು, ಅವನ ಹೊಸ ಕೋಟು ಹೊದ್ದುಕೊಂಡು. ಜೇಬಿನಲ್ಲಿ ಮೊದಲೇ ಮಾಡಿಸಿದ್ದ ಮೂರನೆಯ ಕೀಲಿಕೈ, ಮರುದಿನದ ಟಿಕೆಟ್ಟು.

“ಒಂದಕ್ಕೆ ಇಳಿಯುತ್ತೆ ಅಂತ ಟಿಕೆಟ್ಟಲ್ಲೇ ಇತ್ತಲ್ಲ ಸಾರ್,” ಎಂದ. ಹಿಂದೆಂದೂ ವಿಮಾನ ಹತ್ತಿದವನೇ ಅಲ್ಲ ಅವನು.

“ಯಾಕೆ ಕದ್ದೆ?”

“ಅಕ್ಕ ಮೋಟಾರು ಹಾಕಿಸಿ ಚಕ್ರದ ಹಿಡಿ ಕಿತ್ತುಹಾಕ್ತೀನಿ ಅಂದ್ಲು. ಅಮ್ಮ ಎರಡೂ ಕೈಲಿ ಬಟ್ಟೆ ಹಿಡ್ಕೊಳ್ಳೋಳು. ಚಕ್ರ ತಿರುಗಿಸ್ತಿದ್ದೋನು ನಾನು ಸಾರ್.”

“ಆ ಹೆಂಗಸಿನ ತಲೆಗೆ ಬರುತ್ತೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು,” ಎಂದು ತಲೆ ತಗ್ಗಿಸಿದ. ಇನ್ಸ್‌ಪೆಕ್ಟರಿಗೆ ಅವನ ಮೇಲಿದ್ದ ಕನಿಕರ ಅಲ್ಲಿಗೆ ಅರ್ಧವಾಯಿತು.

ಠಾಣೆಯ ಹೊರಕೋಣೆಯಲ್ಲಿ ಗುಂಡಿ ಹೊಲಿಯುವಾಕೆ, “ಇನ್ನು ಮನೆಗೆ ಹೋಗ್ಲಾ ಸಾರ್?” ಎಂದು ಎದ್ದಳು. ಟೈಲರಮ್ಮನಿಗೆ ಆಕೆಯ ಮುಖ ನೋಡಲಾಗಲಿಲ್ಲ.

ಒಳಗೆ ದಫೇದಾರರು ಜಪ್ತಿ ಪಂಚನಾಮೆಗೆಂದು ಯಂತ್ರ ಪರೀಕ್ಷಿಸಲು ಚಕ್ರ ತಿರುಗಿಸಿದರು. ಟಕಟಕ ಸದ್ದು ಹೊರಗೂ ಕೇಳಿತು.

“ಮೆಲ್ಲಗೆ ತಿರುಗಿಸೋ, ದಾರ ಕಿತ್ತೋಗುತ್ತೆ,” ಎಂದುಬಿಟ್ಟರು ಟೈಲರಮ್ಮ, ಗೋಡೆಯ ಆಚೆ ತಮ್ಮನೇ ತಿರುಗಿಸುತ್ತಿದ್ದಾನೆಂಬಂತೆ. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡರು.

ಇನ್ಸ್‌ಪೆಕ್ಟರ್ ‘ಯಂತ್ರ ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕಿದರು.