ಎಡಗಡೆಯ ನಗು

ಚಲುವ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು. ನಮ್ಮ ಆಸ್ಪತ್ರೆ ಸೀರಿಯಲ್ಲಿನಲ್ಲಿ ಮಾತ್ರ ಅವನಿಗೆ ದಿನಕ್ಕೊಂದು ಕಾಯಿಲೆ. ಸೋಮವಾರ ಕಾಮಾಲೆ, ಮಂಗಳವಾರ ಹಾವು ಕಚ್ಚಿದ್ದು. ರಾಮನಗರದ ಹಳೇ ರೇಷ್ಮೆ ಫ್ಯಾಕ್ಟರಿಯ ಶೆಡ್ಡಿನಲ್ಲಿ ಸೆಟ್ ಹಾಕಿದ್ದರು. ನಾನು ನಿಜವಾದ ನರ್ಸ್. ಯಾವ ಕಾಯಿಲೆಗೆ ಹೇಗೆ ನರಳಬೇಕು ಅಂತ ಹೇಳಿಕೊಡುವುದು ನನ್ನ ಕೆಲಸ. ಅವನು ನಾಲ್ಕು ಪಟ್ಟು ಹೆಚ್ಚೇ ನರಳುತ್ತಿದ್ದ, ನನ್ನ ಕಡೆ ಓರೆಗಣ್ಣಿಟ್ಟುಕೊಂಡು.

ಅವತ್ತು ಸ್ಟ್ರೋಕ್ ಸೀನ್. ಕ್ಯಾಮೆರಾ ಬಲಕ್ಕಿತ್ತು. ಬಲಗಡೆಯ ತುಟಿಯನ್ನೇ ಜೋತುಬೀಳಿಸಬೇಕು ಅಂತ ಬೆಳಿಗ್ಗೆಯಿಂದ ಪ್ರಾಕ್ಟೀಸ್ ಮಾಡಿಸಿದ್ದೆ. ಮಧ್ಯೆ ಅವನು ಜೇಬಿನಿಂದ ಕೆಂಪು ಮರದ ಬಳೆ ತೆಗೆದ.

"ನಾನೇ ಮಾಡಿದ್ದು. ತೊಡುಸ್ಲಾ, ರತ್ನಾ?"

ಕೈ ಚಾಚಿಬಿಡೋಣ ಅನ್ನಿಸಿತು. ಆದರೂ ನನ್ನ ಕೊಬ್ಬು ನೋಡಿ.

"ಆಕ್ಟಿಂಗ್ ಇಲ್ದೆ ಒಂದ್ಸಲ ನಗು. ಆಮೇಲೆ ನೋಡಣ," ಅಂದೆ.

ಟೇಕ್ ಶುರುವಾಯಿತು. ಡಾಕ್ಟರ್ ಪಾತ್ರದವರು, "ಎಲ್ಲಿ, ಸ್ವಲ್ಪ ನಗಿ," ಅಂದರು. ಚಲುವ ನಕ್ಕ. ಜೋತುಬಿದ್ದದ್ದು ಎಡಗಡೆ.

ಮರೆತನೇನೋ ಅಂದುಕೊಂಡೆ. "ಎರಡೂ ಕೈ ಎತ್ತಿ," ಅಂದಾಗ ಎಡಗೈ ಮೇಲೇಳಲಿಲ್ಲ. ಅವನ ಕಣ್ಣು ನನ್ನನ್ನು ಹುಡುಕಿತು. ಅದರಲ್ಲಿ ತುಂಟತನ ಇರಲಿಲ್ಲ, ಬರೀ ಭಯ. ಕ್ಯಾಮೆರಾ ಮುಂದೆಯೇ ನುಗ್ಗಿದೆ.

"ಕಟ್! ಅಷ್ಟು ಒಳ್ಳೇ ಟೇಕು, ಹಾಳ್ಮಾಡ್ಬುಟ್ಯಲ್ಲಮ್ಮ!" ಡೈರೆಕ್ಟರ್ ಗಂಗಹನುಮಯ್ಯ ಕೂಗಾಡಿದರು.

"ಆಕ್ಟಿಂಗ್ ಅಲ್ಲ ಸಾರ್, ನಿಜವಾಗ್ಲೂ ಸ್ಟ್ರೋಕ್ ಆಗೈತೆ! ಗಾಡಿ ತರ್ಸಿ!"

ಸೆಟ್ಟಿನ ಆಂಬುಲೆನ್ಸಿಗೆ ಎಂಜಿನ್ನೇ ಇರಲಿಲ್ಲ. ಪಕ್ಕದಲ್ಲಿ ರೇಷ್ಮೆಗೂಡು ಇಳಿಸುತ್ತಿದ್ದ ಶುಕೂರ್ ಸಾಬರ ಟೆಂಪೋ ಹತ್ತಿದೆವು. ಗೂಡಿನ ಘಾಟು ವಾಸನೆ, ನನ್ನ ತೊಡೆಯ ಮೇಲೆ ಅವನ ತಲೆ. ಸ್ಟ್ರೋಕಿಗೆ ಚಿಕಿತ್ಸೆ ಸಿಗುವ ಬೆಂಗಳೂರಿನ ಆಸ್ಪತ್ರೆ ಮುಟ್ಟುವವರೆಗೂ ವಾಚ್ ನೋಡುತ್ತಲೇ ಇದ್ದೆ. ಮೊದಲ ಕೆಲವು ಗಂಟೆ ತಪ್ಪಿದರೆ ಕೈ ಹೋಗಬಹುದು, ಮಾತು ಹೋಗಬಹುದು, ಅವನೇ ಹೋಗಬಹುದು. ಬೆಳಿಗ್ಗೆ ಹೂಂ ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

"ಕಣ್ಮುಚ್ಚಬ್ಯಾಡ ಕಣೋ, ನನ್ನೇ ನೋಡು," ಅಂತಿದ್ದೆ. ಅವನು ನೋಡುತ್ತಿದ್ದ.

ಟೈಮಿಗೆ ಸರಿಯಾಗಿ ತಲುಪಿದೆವು. ಜೀವ ಉಳಿಯಿತು.

ಮೂರು ವಾರದ ಮೇಲೆ ಹಾಸಿಗೆ ಪಕ್ಕ ಕೂತರೆ, ಅವನು ಮುಖ ತಿರುಗಿಸಿಕೊಂಡ.

"ನಗು ಇನ್ನೂ ಸೊಟ್ಟಗೇ ಐತೆ ರತ್ನಾ. ಬೊಂಬೆ ಮಾಡೋ ಕೈ ನಡುಗ್ತೈತೆ. ನಿಂಗ್ಯಾಕೆ ಈ ಕರ್ಮ? ಮನೆಗೋಗು."

ಅವನ ಅಂಗಿ ಜೇಬಿನಲ್ಲಿ ಸಿಕ್ಕಿದ್ದ ಬಳೆಯನ್ನು ಆ ನಡುಗುವ ಎಡಗೈಗೇ ಕೊಟ್ಟೆ.

"ತೊಡ್ಸು. ಎಷ್ಟೊತ್ತಾದ್ರೂ ಕಾಯ್ತೀನಿ."

ಎರಡು ಸಲ ಬಿತ್ತು. ಎರಡು ಸಲವೂ ಎತ್ತಿಕೊಟ್ಟೆ. ಮೂರನೇ ಸಲ ಒಂದೊಂದೇ ಬೆರಳು ದಾಟಿ ಮಣಿಕಟ್ಟಿಗೆ ಬಂತು. ಅವನು ನಕ್ಕ, ಅರ್ಧ ಮುಖದಲ್ಲಿ. ಆಕ್ಟಿಂಗ್ ಒಂದು ಚೂರೂ ಇರಲಿಲ್ಲ.