ಏಳನೆಯ ಸಹಿ

ಹೊಸದುರ್ಗದ ಹೊರವಲಯದ ನಾರಿನ ಫ್ಯಾಕ್ಟರಿಯಲ್ಲಿ ಎಲ್ಲ ಹುಡುಗಿಯರೂ ಓಬಳೇಶನನ್ನು ‘ಅಣ್ಣ’ ಎನ್ನುತ್ತಿದ್ದರು, ರಮ್ಯಾ ಒಬ್ಬಳನ್ನು ಬಿಟ್ಟು. ಅಷ್ಟನ್ನೇ ನಂಬಿಕೊಂಡು ಪಾಪದ ಹುಡುಗ ಆರು ತಿಂಗಳಿಂದ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದ.

ತೆಂಗಿನ ಮಟ್ಟೆಯನ್ನು ಮಷೀನಿನ ಬಾಯಿಗೆ ಕೊಡುವುದು ಅವನ ಕೆಲಸ. ಹೊರಬಂದ ನಾರನ್ನು ಅಂಗಳದಲ್ಲಿ ಹರವುವುದು ಅವಳ ಕೆಲಸ. ದೀಪಾವಳಿಗೆ ಮೇಸ್ತ್ರಿ ಮಾಡುತ್ತೇನೆಂದು ಮಾಲೀಕರು ಅವನಿಗೆ ಮಾತು ಕೊಟ್ಟಿದ್ದರು. ಮೇಸ್ತ್ರಿಯಾದರೆ ಅವಳ ಅಪ್ಪನ ಮುಂದೆ ತಲೆಯೆತ್ತಿ ನಿಂತು ಹೆಣ್ಣು ಕೇಳಬಹುದೆಂದು ಅವನ ಆಸೆ.

ಆ ಸೋಮವಾರ ಊಟದ ಹೊತ್ತಿಗೆ ರಮ್ಯಾ ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತಳು. ಅವಳ ಕೂದಲಲ್ಲಿ ನಾರಿನ ಎಳೆಯೊಂದು ಸಿಕ್ಕಿಕೊಂಡಿತ್ತು. ತೆಗೆಯಲೋ ಬೇಡವೋ ಎಂದು ಅವನು ಒದ್ದಾಡುತ್ತಿರುವಾಗ ಅವಳೇ ಅವನ ನೋಟ ಹಿಡಿದು, ತುಟಿಯಂಚಿನಲ್ಲಿ ನಕ್ಕು, ಎಳೆಯನ್ನು ಕಿತ್ತೆಸೆದಳು. ಆಮೇಲೆ ಬ್ಯಾಗಿನಿಂದ ಒಂದು ಕಾಗದ ತೆಗೆದಳು. ಓಬಳೇಶ ಅನ್ನದ ಕೈಯನ್ನು ಗಡಿಬಿಡಿಯಿಂದ ಒರೆಸಿಕೊಂಡ.

ಅದು ಪ್ರೇಮಪತ್ರವಾಗಿರಲಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ದ್ಯಾಮಮ್ಮ ಕಾರ್ಮಿಕ ಸಂಘ ಕಟ್ಟಲು ಹೊರಟಿದ್ದರು. ಕೆಲಸ ಬೇಗ ಸಾಗಲೆಂದು ಮಾಲೀಕರು ಬಿಚ್ಚಿಸಿದ್ದ, ಕೈ ಒಳಗೆ ಸಿಕ್ಕದಂತೆ ತಡೆಯುವ ಮಷೀನಿನ ಜಾಲರಿಯನ್ನು ಮತ್ತೆ ಹಾಕಿಸುವುದೇ ಮೊದಲ ಬೇಡಿಕೆ. ನೋಂದಣಿಗೆ ಏಳು ಸಹಿ ಬೇಕು. ಆರು ಆಗಿದ್ದವು, ಐದು ತಲೆ ನರೆತವರದು, ಒಂದು ರಮ್ಯಾಳದು. ಹರೆಯದವರು ಬರದಿದ್ದರೆ ಸಂಘ ಎಷ್ಟು ದಿನ ಉಳಿದೀತು ಎಂದು ಅವಳು ಕೇಳಿದಳು.

“ಕೊಡು ಇಲ್ಲಿ. ನೀನು ಹೇಳಿದ್ರೆ ಓದದೇನೇ ಹಾಕ್ತೀನಿ,” ಎಂದ ಓಬಳೇಶ. ಆ ಮಾತಿಗೆ ಅವಳು ಕರಗಿಹೋಗುತ್ತಾಳೆಂದುಕೊಂಡಿದ್ದ.

ಅವಳು ಕಾಗದ ಮಡಚಿಟ್ಟಳು.

“ಬ್ಯಾಡ. ನಂಗೋಸ್ಕರ ಹಾಕಿದ ಸೈನು, ನಮ್ಮಿಬ್ರಿಗೂ ಜಗಳ ಆದ ದಿನ ಅಳಿಸಿ ಹೋಗ್ತೈತೆ. ನಿಂಗೇ ಬೇಕು ಅನ್ನಿಸ್ದಾಗ ಬಾ.”

ಓಬಳೇಶನಿಗೆ ಅವಮಾನವಾಯಿತು. ನಾಲ್ಕು ದಿನ ಅವಳ ಕಡೆ ತಿರುಗಿಯೂ ನೋಡಲಿಲ್ಲ. ನೋಡದೆ ಇರುವುದು ಎಂಥ ಕಷ್ಟವೆಂದು ಪ್ರೀತಿಸಿದವರಿಗೇ ಗೊತ್ತು.

ಶುಕ್ರವಾರ, ಅವನ ಜೊತೆಯಲ್ಲೇ ಮಟ್ಟೆ ಕೊಡುತ್ತಿದ್ದ ಮುದ್ದಪ್ಪನ ಎರಡು ಬೆರಳು ಮಷೀನಿಗೆ ಹೋದವು. ಸಂಜೆ ಮಾಲೀಕರು ಓಬಳೇಶನನ್ನು ಒಳಗೆ ಕರೆದು, ಕುರ್ಚಿ ತೋರಿಸಿ, ಟೀ ತರಿಸಿದರು. ಮುದ್ದಪ್ಪ ಕುಡಿದು ಬಂದಿದ್ದನೆಂದು ಬರೆದುಕೊಡಬೇಕು, ಮೇಸ್ತ್ರಿಯಾಗುವವನು ಫ್ಯಾಕ್ಟರಿಯ ಮಾನ ಕಾಯಬೇಕಲ್ಲವೇ ಎಂದರು.

ಮುದ್ದಪ್ಪ ಜನ್ಮದಲ್ಲಿ ಕುಡಿದವನಲ್ಲ. ಓಬಳೇಶ ಪೆನ್ನು ಕೈಗೆತ್ತಿಕೊಂಡ. ಒಂದು ಸಾಲು ಬರೆದರೆ ರಮ್ಯಾಳ ಮನೆಯ ಬಾಗಿಲು ತೆರೆಯುತ್ತಿತ್ತು. ಆಗುವುದಿಲ್ಲ ಎನ್ನೋಣವೆಂದರೆ ಬೆನ್ನಿಗೆ ಒಬ್ಬರೂ ಇರಲಿಲ್ಲ. ಒಂಟಿಯಾಗಿ ಕುಳಿತವನ ಕೈಯಲ್ಲಿ ಏನನ್ನು ಬೇಕಾದರೂ ಬರೆಸುತ್ತಾರೆಂದು ಅವನಿಗೆ ಆಗ ಅರ್ಥವಾಯಿತು. ಪೆನ್ನು ಕೆಳಗಿಟ್ಟು ಎದ್ದುಬಂದ.

ನೆಟ್ಟಗೆ ದ್ಯಾಮಮ್ಮನ ಮನೆಗೆ ಹೋದ. ಮುದ್ದಪ್ಪನ ವಿಷಯ ಮಾತಾಡಲು ರಮ್ಯಾಳೂ ಅಲ್ಲಿಗೆ ಬಂದಿದ್ದಳು. ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿ, ತಿಳಿಯದ್ದನ್ನು ಎರಡೆರಡು ಸಲ ಕೇಳಿ, ಸಹಿ ಹಾಕಿದ. ಹೊಸ್ತಿಲಲ್ಲಿ ನಿಂತಿದ್ದ ರಮ್ಯಾ ಅವನು ಹೊರಟಾಗ ಹಿಂದೆಯೇ ಬಂದಳು.

“ಮೇಸ್ತ್ರಿ ಕೆಲ್ಸ ಹೋತು ರಮ್ಯಾ,” ಎಂದ ಅವನು. “ನಾಳೆ ಗೇಟಿನೊಳಗೆ ಬಿಡ್ತಾರೋ ಇಲ್ವೋ. ನಿಮ್ಮಪ್ಪನ ಹತ್ರ ಬಂದು ನಿನ್ನ ಕೇಳಾಣ ಅಂತಿದ್ದೆ. ಇನ್ನು ಏನಂತ ಬರ್ಲಿ?”

ಆರು ತಿಂಗಳು ನುಂಗಿಕೊಂಡಿದ್ದ ಮಾತು ಎಲ್ಲ ಕಳೆದುಕೊಂಡ ಮೇಲೆ ಹೊರಬಿತ್ತು. ರಮ್ಯಾಳ ಕಣ್ಣು ತುಂಬಿತು. ಬೀದಿಯ ಜನರನ್ನು ಲೆಕ್ಕಿಸದೆ ಅವನ ಕೈ ಹಿಡಿದುಕೊಂಡಳು.

“ಮಟ್ಟೆ ಕೊಡೋನು ಅಂತ್ಲೇ ಬಾ. ನಾನು ಮನಸ್ಸು ಕೊಟ್ಟಿದ್ದು ಅವನಿಗೇ. ನಾಳೆ ಗೇಟಿಗೆ ಒಟ್ಟಿಗೇ ಹೋಗಾಣ.”

ಬೆಳಿಗ್ಗೆ ಏಳೂ ಜನ ಗೇಟಿನ ಮುಂದೆ ನಿಂತರು. ಓಬಳೇಶನೊಬ್ಬನನ್ನು ಬಿಟ್ಟು ಉಳಿದವರು ಒಳಗೆ ಹೋಗಬಹುದೆಂದು ವಾಚ್‌ಮನ್ ತಲೆ ತಗ್ಗಿಸಿಕೊಂಡು ಹೇಳಿದ. ರಮ್ಯಾ ಎಲ್ಲರೆದುರಿಗೆ ಓಬಳೇಶನ ಪಕ್ಕಕ್ಕೆ ಬಂದು ನಿಂತಳು. ಉಳಿದವರಲ್ಲಿ ಒಬ್ಬರೂ ಒಳಗೆ ಹೋಗಲಿಲ್ಲ.